ನಿದ್ದೆಕಾಳು

ಮಣ್ಣು ಉಸಿರಾಡುವುದು ಕಣ್ಣಿಗೆ ಕಾಣುವಂತಾದ ಮೇಲೆ, ಕವಳೇಹಾಳದ ಸುತ್ತಲ ಜನ ಮೊದಮೊದಲು ಅದನ್ನು ನೋಡಲು ಗುಂಪು ಕಟ್ಟಿಕೊಂಡು ಬರುತ್ತಿದ್ದರು. ಸಂಶೋಧನಾ ಕೇಂದ್ರದ ದೊಡ್ಡ ಕೋಣೆಯಲ್ಲಿ ಒಂದು ಗೋಡೆಯಷ್ಟೂ ಅಗಲಕ್ಕೆ ಪರದೆ. ಅದರಲ್ಲಿ ಇಡೀ ತಾಲ್ಲೂಕಿನ ನಕ್ಷೆ. ಪ್ರತಿ ಹೊಲದಲ್ಲೂ ಹೆಬ್ಬೆರಳುದ್ದದ ಒಂದು ಸಂವೇದಕ ಹೂತಿತ್ತು. ಮಣ್ಣಿನಿಂದ ನಗೆ ಅನಿಲ ಹೊರಟರೆ ನಕ್ಷೆಯಲ್ಲಿ ಆ ಹೊಲ ಕೆಂಪಾಗುತ್ತಿತ್ತು, ಇಲ್ಲವಾದರೆ ಹಸಿರು. "ನಮ್ಮ ಹೊಲ ಯಾವುದ್ರಿ?" ಎಂದು ಜನ ಕೇಳುವರು. ಅದು ಕೆಂಪಗಿದ್ದರೆ ನಾಚುವರು. ಪಕ್ಕದವನ ಹೊಲ ಅದಕ್ಕಿಂತ ಕೆಂಪಗಿದ್ದರೆ ಸಮಾಧಾನಪಟ್ಟುಕೊಂಡು ಮನೆಗೆ ಹೋಗುವರು.

ಹಲ್ಲು ಕೀಳುವ ಡಾಕ್ಟರರು ನೋವು ಗೊತ್ತಾಗದಿರಲೆಂದು ಮೂಸಿಸುವ ಅನಿಲವೇ ಇದು. ಹೆಸರಿಗೆ ನಗೆ, ಕೆಲಸ ನಗುವಂಥದ್ದಲ್ಲ. ಆಕಾಶ ಸೇರಿದರೆ ನೂರು ವರ್ಷಕ್ಕೂ ಮಿಕ್ಕಿ ಅಲ್ಲೇ ಕೂತು, ಇಂಗಾಲದ ಹೊಗೆಗಿಂತ ಇನ್ನೂರೆಪ್ಪತ್ತು ಪಟ್ಟು ಬಿಸಿ ಹಿಡಿದಿಡುತ್ತದೆ. ಯೂರಿಯಾ ಚೆಲ್ಲಿ ಕಾಲುವೆ ನೀರು ಬಿಟ್ಟ ಹೊಲದಲ್ಲಿ ಗಾಳಿ ಸಿಗದೆ ಒದ್ದಾಡುವ ಸೂಕ್ಷ್ಮಜೀವಿಗಳು ಮಣ್ಣಿನಲ್ಲಿರುವ ನೈಟ್ರೇಟನ್ನು ಕಡಿದು ತಿಂದು ಈ ಅನಿಲವನ್ನು ಉಗುಳುತ್ತವೆ. ಬೇಸಗೆಯ ಬಿಸಿಲು ನಲವತ್ತೇಳು ಡಿಗ್ರಿ ದಾಟತೊಡಗಿದ ಕಾಲ ಅದು. ಪ್ರತಿ ತಾಲ್ಲೂಕೂ ತನ್ನ ಮಣ್ಣಿನ ಉಸಿರಿಗೆ ಲಗಾಮು ಹಾಕಬೇಕೆಂದು ಸರ್ಕಾರ ಕಟ್ಟಳೆ ಮಾಡಿತ್ತು.

ಕೇಂದ್ರದ ಮೂಡಣಕ್ಕೆ ಕಾಲುವೆ ನೀರಿನ ಭತ್ತ, ಮೆಕ್ಕೆಜೋಳ. ಪಡುವಣಕ್ಕೆ ಹದಿನೆಂಟು ಸಾವಿರ ಎಕರೆ ಒಣ ಹುಲ್ಲಿನ ಕಾವಲು, ಕುರಿ ಮೇಯುವ ಬಯಲು. ಮೂಡಣ ವರ್ಷವಿಡೀ ಕೆಂಪು. ಪಡುವಣ ವರ್ಷವಿಡೀ ಹಸಿರು, ಎರಡು ದಿನ ಬಿಟ್ಟು. ಆ ಎರಡು ದಿನಗಳು ಗುರುಪಾದನವು.

ಗುರುಪಾದ ಅಂಗಡಿ ಕಾವಲು ವಿಭಾಗದ ಮುಖ್ಯಸ್ಥ. ಸಂವೇದಕಗಳು ಬರುವ ಎಷ್ಟೋ ವರ್ಷ ಮೊದಲೇ ಅವನು ಅಲ್ಯುಮಿನಿಯಂ ಡಬ್ಬಿಗಳನ್ನು ಹುಲ್ಲಿನ ಮೇಲೆ ಬೋರಲು ಹಾಕಿ, ಒಳಗೆ ತುಂಬಿದ ಗಾಳಿಯನ್ನು ಸಿರಿಂಜಿನಿಂದ ಎಳೆದು ಅಳೆಯುತ್ತಿದ್ದ. ಆರೇಳು ತಿಂಗಳು ಒಣಗಿ ಬಿರುಕು ಬಿಟ್ಟ ನೆಲದಲ್ಲಿ ನೈಟ್ರೇಟು ಕೂಡುತ್ತಾ ಹೋಗುತ್ತದೆ. ಮೊದಲ ಮಳೆ ಬಿದ್ದೊಡನೆ ಸತ್ತಂತಿದ್ದ ಜೀವಿಗಳು ಎದ್ದು, ಎರಡೇ ದಿನದಲ್ಲಿ, ವರ್ಷದ ಅನಿಲವನ್ನೆಲ್ಲ ಒಮ್ಮೆಗೇ ಬಿಟ್ಟುಬಿಡುತ್ತವೆ. ಇದನ್ನು ಈ ಸೀಮೆಯಲ್ಲಿ ಮೊದಲು ಕಂಡವನು ಅವನು. ಹದಿನೆಂಟು ವರ್ಷದ ದುಡಿಮೆಯಲ್ಲಿ ಅವನದು ಎನ್ನಬಹುದಾದ ಸಂಗತಿ ಅದೊಂದೇ.

ಅವನ ಹೆಂಡತಿ ಕಸ್ತೂರಿ ಅದೇ ಕೇಂದ್ರದ ಮೂಡಣ ವಿಭಾಗಕ್ಕೆ ಸೇರಿದ್ದು ಏಳು ವರ್ಷದ ಹಿಂದೆ. ಕೃಷಿ ವಿಶ್ವವಿದ್ಯಾಲಯದಲ್ಲಿ ಅವಳು ಅವನಿಗಿಂತ ಎರಡು ವರ್ಷ ಕಿರಿಯಳು. ಸಿರಿಂಜು ಹಿಡಿಯುವುದನ್ನು ಅವಳಿಗೆ ಕಲಿಸಿದವನೇ ಅವನು. ಅವಳು ಕಾಡುಜೋಳದ ಬೇರಿನಿಂದ ಒಸರುವ ಎಣ್ಣೆಯಂಥ ರಸವೊಂದನ್ನು ಹಿಡಿದಳು. ಆ ರಸ ಮುಟ್ಟಿದರೆ ಅನಿಲ ಬಿಡುವ ಜೀವಿಗಳು ಸಾಯದೆ ತೆಪ್ಪಗೆ ಮಲಗಿಬಿಡುತ್ತಿದ್ದವು. ಜೇಡಿಮಣ್ಣಿನ ಸಾಸಿವೆಯಂಥ ಕಾಳಿನಲ್ಲಿ ಆ ರಸ ತುಂಬಿ ಬಿತ್ತಿದಳು. ಉಳಿದ ನೈಟ್ರೇಟನ್ನು ಪೈರೇ ಕುಡಿಯಿತು, ಅರ್ಧ ಗೊಬ್ಬರಕ್ಕೆ ಪೂರ್ತಿ ಬೆಳೆ ಬಂತು. ಜನ ಅದಕ್ಕೆ ನಿದ್ದೆಕಾಳು ಎಂದು ಹೆಸರಿಟ್ಟರು. ಎರಡೇ ಹಂಗಾಮಿಗೆ ಮೂಡಣದ ನಕ್ಷೆ ಅಂಚಿನಿಂದ ಅಂಚಿಗೆ ಹಸಿರಾಯಿತು.

ಮೊದಲ ದಿನ ಗುರುಪಾದ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದ. ಆ ಚಪ್ಪಾಳೆ ಸುಳ್ಳಾಗಿರಲಿಲ್ಲ. ಹೊಟ್ಟೆಕಿಚ್ಚು ಆಮೇಲೆ ಬಂತು. ಸಂತೆಯಲ್ಲಿ ಯಾರೋ ಅವನನ್ನು ತೋರಿಸಿ "ಕಾಳಿನ ಮೇಡಮ್ಮಾರ ಯಜಮಾನ್ರು" ಎಂದರು. ಅದು ಅವತ್ತು ಎದೆಯಲ್ಲಿ ಕೂತಿತು. ಅವಳ ಸಂದರ್ಶನಗಳನ್ನು ಅವನು ಒಬ್ಬನೇ ಕೂತು ಮೂರು ಮೂರು ಸಲ ಕೇಳತೊಡಗಿದ. ಎಲ್ಲಾದರೂ ಒಂದು ಅಂಕಿ ತಪ್ಪು ಹೇಳಿದ್ದಾಳೆಯೆ ಎಂದು ಹುಡುಕುವನು. ಸಿಕ್ಕರೆ ಅವತ್ತು ಊಟ ರುಚಿಸುತ್ತಿತ್ತು. ಅವಳು ಮಾಡಿದ ಪುಂಡಿಪಲ್ಯದಲ್ಲಿ ಉಪ್ಪು ಹೆಚ್ಚಾದರೂ ಒಳಗೊಳಗೇ ಹಿಗ್ಗಾಗುತ್ತಿತ್ತು. ತನ್ನ ಈ ಸಣ್ಣತನ ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದೂ ಬಿಡಲಾಗುತ್ತಿರಲಿಲ್ಲ.

ಮಾರ್ಚ್ ತಿಂಗಳ ಸಭೆಯಲ್ಲಿ ನಿರ್ದೇಶಕ ಜಯತೀರ್ಥ ದೇಸಾಯರು ನಕ್ಷೆಯ ಪಡುವಣಕ್ಕೆ ಬೆರಳು ತೋರಿಸಿದರು. "ಈ ಎರಡು ದಿನಾನೂ ಮಲಗಿಸಿಬಿಟ್ರ ನಮ್ಮ ತಾಲ್ಲೂಕು ವರ್ಷವಿಡೀ ಹಸಿರು. ಇಡೀ ದೇಶದಾಗ ಮೊದಲ ತಾಲ್ಲೂಕು."

ಕಸ್ತೂರಿ ಎದ್ದು ನಿಂತಳು. ಪರದೆಯ ಮೇಲೆ ಹಾಕಿದ್ದು ಗುರುಪಾದನ ಹದಿನೆಂಟು ವರ್ಷದ ರೇಖಾಚಿತ್ರ. "ಕಾಳು ಬಿತ್ತಾಕ ಅಡ್ಡಿ ಇಲ್ಲ ಅಂತ ನನಗ ಅನಸ್ತೈತಿ. ಆದ್ರ ಕಾವಲು ನನಗ ಗೊತ್ತಿಲ್ಲ, ಇವರಿಗೆ ಗೊತ್ತು," ಎಂದು ಗಂಡನ ಕಡೆ ತಿರುಗಿದಳು. "ಏನಾರ ತೊಂದರಿ ಆದೀತೇನ್ರಿ?"

"ಪರೀಕ್ಷಾ ಮಾಡಿ ಹೇಳ್ತೀನಿ," ಎಂದ ಗುರುಪಾದ.

ಮಾಡಿದ. ರಾತ್ರಿ ಕುರಿಗಳನ್ನು ಕೂಡಿಹಾಕಿ ತರುಬುವ ಜಾಗವೊಂದರಲ್ಲಿ ಕೋಣೆಯಗಲದ ನೆಲಕ್ಕೆ ಬೇಲಿ ಕಟ್ಟಿ, ನಿದ್ದೆಕಾಳು ಬಿತ್ತಿ, ಮಳೆಯಂತೆ ನೀರು ಚಿಮುಕಿಸಿದ. ಅನಿಲ ಏಳಲಿಲ್ಲ. ಎಂಟನೇ ದಿನಕ್ಕೆ ನೆಗ್ಗಿಲು ಬಳ್ಳಿ, ಮುಳ್ಳುಹರಿವೆ, ಎಳೆ ಹುಲ್ಲು ಚಿಗುರಿದವು. ಎಲೆ ಕಿತ್ತು ಪ್ರಯೋಗಾಲಯದಲ್ಲಿ ನೋಡಿದ. ಅನಿಲವಾಗಿ ಹಾರಿಹೋಗಬೇಕಿದ್ದ ನೈಟ್ರೇಟೆಲ್ಲ ಎಲೆಯೊಳಗೆ ಕೂತಿತ್ತು. ಭತ್ತದ ಹೊಲದಲ್ಲಾದರೆ ತಿಂಗಳುಗಟ್ಟಲೆ ಬೆಳೆಯುವ ಪೈರು ಅದನ್ನು ಅರಗಿಸಿಕೊಳ್ಳುತ್ತದೆ; ಇಲ್ಲಿ ಎಂಟು ದಿನದ ಎಳೆ ಚಿಗುರು ಹೀರಿದ್ದನ್ನು ಹೀರಿದಂತೆಯೇ ಇಟ್ಟುಕೊಂಡಿತ್ತು. ಕುರಿ ತಾಳಬಲ್ಲ ಮಿತಿಗಿಂತ ನಾಲ್ಕು ಪಟ್ಟು. ಮತ್ತೆರಡು ಸಲ ನೋಡಿದ. ಅದೇ ಅಂಕಿ.

ಅಂಕಿ ಬರೆದ ಹಾಳೆ ಹಿಡಿದು ಸಂಜೆ ಮನೆಗೆ ಬಂದ. ಹೇಳಬೇಕೆಂದೇ ಬಂದಿದ್ದ. ಪಡಸಾಲೆಯಲ್ಲಿ ಕಸ್ತೂರಿ ಯಾವುದೋ ವಾಹಿನಿಯವರ ಜೊತೆ ಮಾತಾಡುತ್ತಿದ್ದಳು. ಆ ಕಡೆಯಿಂದ ಹೆಂಗಸೊಬ್ಬಳ ದನಿ ಕೇಳಿತು: "ನಿಮ್ಮ ಪತಿಯವರೂ ಅಲ್ಲೇ ಕೆಲಸ ಮಾಡುತ್ತಾರಂತೆ?"

"ಹೌದು. ಅವರು ನನಗೆ ತುಂಬಾ ಸಹಾಯ ಮಾಡುತ್ತಾರೆ."

ಸಹಾಯ. ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ಗುರುಪಾದ ಅಲ್ಲೇ ನಿಂತ. ಹದಿನೆಂಟು ಬೇಸಗೆ ಮೊಣಕಾಲೂರಿ ನೆಲ ಮೂಸಿದ್ದು ಇವಳಿಗೆ ಸಹಾಯವಾಯಿತೆ? ಹಾಳೆಯನ್ನು ನಾಲ್ಕಾಗಿ ಮಡಚಿ ಚೀಲಕ್ಕೆ ತುರುಕಿದ. ಕಾಳು ಬಿತ್ತಲಿ, ಎಲ್ಲರೂ ನೋಡಲಿ, ಎಲ್ಲ ಗೊತ್ತಿರುವವಳಿಗೆ ಒಂದು ಗೊತ್ತಿರಲಿಲ್ಲ ಎಂದು ಲೋಕಕ್ಕೆ ತಿಳಿಯಲಿ. ಆ ಕ್ಷಣದಲ್ಲಿ ಅವನ ಮನಸ್ಸಿಗೆ ಬಂದದ್ದು ಇಷ್ಟೇ. ಕುರಿಗಳು ಬರಲಿಲ್ಲ, ಕುರಿಯವರು ಬರಲಿಲ್ಲ.

ಮರುದಿನ ಬೆಳಿಗ್ಗೆ ರೊಟ್ಟಿ ಬಡಿಯುತ್ತಾ ಅವಳೇ ಕೇಳಿದಳು. "ಆ ಪರೀಕ್ಷಾ ಏನಾತ್ರಿ? ದೇಸಾಯರು ಅವಸರ ಮಾಡಾಕತ್ತಾರ."

"ಇನ್ನೂ ನಡದೈತಿ."

"ಈವರೆಗೂ ಏನೂ ಕಂಡಿಲ್ಲಲ್ಲ?"

"ಇಲ್ಲ," ಎಂದ. ಅರ್ಧ ತಿಂದ ರೊಟ್ಟಿ ಬಿಟ್ಟು, ನೀರು ಕುಡಿದು ಎದ್ದ.

ಗುರುಪಾದನಿಂದ ತಕರಾರು ಬಾರದ್ದರಿಂದ ದೇಸಾಯರು ಒಪ್ಪಿಗೆ ಕೊಟ್ಟರು. ಮೇ ಎರಡನೇ ವಾರ ಡ್ರೋನುಗಳು ಕಾವಲಿನ ಮೇಲೆ ಮೂರು ದಿನ ಕಾಳು ಚೆಲ್ಲಿದವು. ನಾಲ್ಕನೇ ದಿನ ಗುರುಪಾದ ಡಬ್ಬಿ ನೋಡಲು ಹೋದಾಗ ಲಗಮವ್ವ ಎದುರಾದಳು. ಅರವತ್ತು ದಾಟಿದ ಕುರಿಗಾರತಿ. ನೂರಾ ನಲವತ್ತು ಕುರಿಯ ಹಿಂಡು ಅವಳದು. ಅವನು ಕಾವಲಿಗೆ ಬಂದ ಮೊದಲ ವರ್ಷದಿಂದಲೂ ಅವಳ ಹಿಂಡಿನ ನೆರಳಲ್ಲಿ ಕೂತು ಮಜ್ಜಿಗೆ ಕುಡಿದವನು. ನೆಲದಲ್ಲಿ ಬಿದ್ದ ಕಾಳನ್ನು ಅಂಗೈಯಲ್ಲಿ ಹಾಕಿಕೊಂಡು ತೋರಿಸಿದಳು.

"ಸಾಹೇಬ್ರ, ಇದು ಬಿದ್ದ ಮ್ಯಾಲ ಕುರಿ ಮೇಸಬಹುದೇನ್ರಿ? ಮಳಿ ಆದ್ರ ಚಿಗರು ಬರತೈತಿ, ಇವು ಹಿಡದ್ರ ನಿಲ್ಲಂಗಿಲ್ಲ."

ಬೇಡ ಎನ್ನಬೇಕಿತ್ತು. ಒಂದೇ ಮಾತು. ನಾಲಿಗೆಯ ತುದಿಗೆ ಬಂದದ್ದು ಬೇರೆ. "ಮೇಡಮ್ಮಾರನ್ನ ಕೇಳು ಲಗಮವ್ವ. ಕಾಳು ಅವರದು."

ಅವಳು ಬೊಚ್ಚುಬಾಯಿ ಬಿಟ್ಟು ನಕ್ಕಳು. "ನಿಮ್ಮನ್ನ ಕೇಳಿದ್ರ ಅವರನ್ನ ಕೇಳಿದಂಗ ಅಲ್ಲೇನ್ರಿ?" ಎಂದು ಕೋಲು ಎತ್ತಿ ಹಿಂಡಿನ ಹಿಂದೆ ಹೋದಳು. ಅವನು ಕರೆಯಲಿಲ್ಲ.

ಮೇ ಇಪ್ಪತ್ತರ ಮಧ್ಯಾಹ್ನ ಮಳೆ ಬಂತು. ಕೇಂದ್ರದವರೆಲ್ಲ ಪರದೆಯ ಮುಂದೆ ಸೇರಿದರು. ಹದಿನೆಂಟು ವರ್ಷ ತಪ್ಪದೆ ಬಂದ ಆ ಕೆಂಪಿಗಾಗಿ ಗುರುಪಾದನೂ ಕಾದ. ಒಂದು ತಾಸಾಯಿತು, ಮೂರು ತಾಸಾಯಿತು. ಕಾವಲು ಹಸಿರಾಗಿಯೇ ಇತ್ತು. ಯಾರೋ ಸಿಳ್ಳೆ ಹಾಕಿದರು. ದೇಸಾಯರು ಕಸ್ತೂರಿಯ ಕೈ ಹಿಡಿದು ಕುಲುಕಿದರು. ಗುಂಪಿನ ತಲೆಗಳ ಮೇಲಿಂದ ಅವಳ ಕಣ್ಣು ಗಂಡನನ್ನು ಹುಡುಕುತ್ತಿತ್ತು. ಅದನ್ನು ಕಂಡೂ ಅವನು ಹೊರಗೆ ನಡೆದ. ತನ್ನದೆಂದು ಇದ್ದ ಎರಡು ದಿನಗಳನ್ನೂ ಅವಳು ಅಳಿಸಿಬಿಟ್ಟಳು ಎಂದು ಅವನ ಹೊಟ್ಟೆ ಉರಿಯುತ್ತಿತ್ತು.

ಏಳನೇ ದಿನ ಬೆಳಿಗ್ಗೆ ಹತ್ತರ ಹೊತ್ತಿಗೆ ಫೋನು ಬಂತು. ಲಗಮವ್ವನ ದನಿ ಗುರುತು ಸಿಗದಂತಿತ್ತು. "ಸಾಹೇಬ್ರ, ಕುರಿ ಬೀಳಾಕತ್ತಾವ್ರಿ! ನಿಂತ ನಿಂತಲ್ಲೇ ಬೀಳಾಕತ್ತಾವು! ಬಾಯಿ ಕಳಕೊಂಡು ತೇಕತಾವು..."

ಗುರುಪಾದ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಪ್ರಯೋಗಾಲಯದ ಕಪಾಟು ತೆಗೆದು ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣದ ಪುಡಿಯ ಸೀಸೆ ಎತ್ತಿಕೊಂಡ. ಸೂಕ್ಷ್ಮಜೀವಿಗಳಿಗೆ ಬಣ್ಣ ಹಚ್ಚಿ ನೋಡಲು ಇಟ್ಟದ್ದು ಅದು. ನೈಟ್ರೇಟು ಕೆಡಿಸಿದ ರಕ್ತವನ್ನು ಸರಿಪಡಿಸುವ ಮದ್ದೂ ಅದೇ. ಶುದ್ಧ ನೀರಿನ ಬಾಟಲಿಗಳನ್ನು, ಇದ್ದಬದ್ದ ಸಿರಿಂಜುಗಳನ್ನು ಚೀಲಕ್ಕೆ ತುಂಬಿದ. ತಾಲ್ಲೂಕಿನ ದನದ ಡಾಕ್ಟರ್ ಮೆಹಬೂಬರಿಗೆ ಫೋನು ಮಾಡಿ "ನೈಟ್ರೇಟು ವಿಷ, ಕಾವಲಿಗೆ ಬರ್ರಿ" ಎಂದು ಒದರಿ ಓಡಿದ. ಅಂಗಳದಲ್ಲಿ ಕಸ್ತೂರಿ ಜೀಪಿನಿಂದ ಇಳಿಯುತ್ತಿದ್ದವಳು ಅವನ ಮುಖ ನೋಡಿ ಮತ್ತೆ ಹತ್ತಿದಳು. ಅವಳೇ ಓಡಿಸಿದಳು.

ತರುಬುಗಟ್ಟೆಯ ಸುತ್ತ ನೆಗ್ಗಿಲು ಹಚ್ಚಗೆ ಹಾಸಿಕೊಂಡಿತ್ತು, ಹಳದಿ ಹೂ ಬಿಟ್ಟು. ಅದರ ಮೇಲೆ ಕುರಿಗಳು ಒರಗಿದ್ದವು. ಕೆಲವು ಕಾಲು ಬಡಿಯುತ್ತಿದ್ದವು, ಕೆಲವು ಕುಡಿದವರಂತೆ ತೂರಾಡಿ ಮೊಣಕಾಲೂರುತ್ತಿದ್ದವು. ಮೆಹಬೂಬರು ಬಂದವರೇ ಒಂದರ ಕಿವಿಗೆ ಸಣ್ಣಗೆ ಕೊಯ್ದರು. ಬಂದ ರಕ್ತ ಕೆಂಪಗಿರಲಿಲ್ಲ. ಬೆಲ್ಲದ ಪಾಕದ ಬಣ್ಣ.

"ಸರಿ ಹೇಳಿದ್ರಿ," ಎಂದರು ಡಾಕ್ಟರ್. "ಕುತ್ತಿಗಿ ನರಕ್ಕ ಹಾಕಬೇಕು. ಹಿಡೀರಿ."

ಎರಡು ತಾಸು ಹೀಗೇ ನಡೆಯಿತು. ಕಸ್ತೂರಿ ತಲೆ ಎತ್ತಿ ಹಿಡಿಯುವಳು, ಗುರುಪಾದ ಉಣ್ಣೆ ಸರಿಸಿ ನರ ಒತ್ತುವನು, ಮೆಹಬೂಬರು ನೀಲಿ ಮದ್ದು ಇಳಿಸುವರು. ಲಗಮವ್ವ ಉಳಿದವನ್ನು ಚಿಗುರಿನಿಂದ ದೂರ, ಕಲ್ಲುನೆಲದ ಕಡೆಗೆ ಹೊಡೆಯುತ್ತಿದ್ದಳು. ಒಂದೊಂದನ್ನೂ ಹೆಸರು ಹಿಡಿದು ಕೂಗಿ ಬೈದು ಓಡಿಸುತ್ತಿದ್ದಳು. ಕೆಲವು ಎದ್ದು ನಿಂತವು. ಕೆಲವು ಕೈಯಲ್ಲೇ ತಣ್ಣಗಾದವು. ಕೊನೆಗೆ ಸತ್ತವು ಅರವತ್ತಮೂರು.

ಜೀಪಿನ ನೆರಳಲ್ಲಿ ಕಸ್ತೂರಿ ನೀಲಿಗಟ್ಟಿದ ಕೈಗಳನ್ನು ಮಣ್ಣಿಗೆ ಉಜ್ಜುತ್ತಿದ್ದಳು. ಉಜ್ಜುವುದನ್ನು ನಿಲ್ಲಿಸಿ ಗಂಡನ ಕಡೆ ನೋಡಿದಳು.

"ರಕ್ತ ನೋಡೂಕಿಂತ ಮೊದಲ ನಿಮಗ ಹೆಂಗ ಗೊತ್ತಾತು?"

ಅವನು ಖಾಲಿ ಸಿರಿಂಜುಗಳನ್ನು ಚೀಲಕ್ಕೆ ತುಂಬತೊಡಗಿದ.

"ಸೀಸೆ ತಗೊಂಡು ಓಡಿ ಬಂದ್ರಿ. ಡಾಕ್ಟರಿಗೆ ನೈಟ್ರೇಟು ಅಂದ್ರಿ. ಹೆಂಗ ಗೊತ್ತಾತ್ರಿ?"

"ಪರೀಕ್ಷಾದಾಗ ಬಂದಿತ್ತು."

"ಯಾವಾಗ?"

"ಏಪ್ರಿಲ್ ಒಂಬತ್ತಕ್ಕ."

ಅವಳು ಕೂತಲ್ಲೇ ಲೆಕ್ಕ ಹಾಕಿದ್ದು ಅವಳ ತುಟಿಗಳಲ್ಲಿ ಕಾಣಿಸಿತು. ಆ ಬೆಳಗಿನ ರೊಟ್ಟಿ, ಆ ಪ್ರಶ್ನೆ, ಆ 'ಇಲ್ಲ'. "ಯಾಕ್ರಿ?" ಎಂದಳು. ದನಿ ಏರಿಸಲಿಲ್ಲ.

"ನೀ ತಪ್ಪಬೇಕಾಗಿತ್ತು," ಎಂದ ಗುರುಪಾದ. ಅದಕ್ಕಿಂತ ನಯವಾದ ಮಾತನ್ನು ಹುಡುಕಿದ, ಸಿಗಲಿಲ್ಲ. "ಒಂದು ಸಲ ಆದರೂ ನೀ ತಪ್ಪಿದ್ದನ್ನ ನಾ ನೋಡಬೇಕಾಗಿತ್ತು."

ಲಗಮವ್ವ ಹಿಂದೆ ಬಂದು ನಿಂತದ್ದು ಇಬ್ಬರಿಗೂ ಗೊತ್ತಾಗಿರಲಿಲ್ಲ. ಸತ್ತ ಮರಿಯೊಂದನ್ನು ಕಂಕುಳಲ್ಲಿ ಇಟ್ಟುಕೊಂಡಿದ್ದಳು. "ನಿಮ್ಮಿಬ್ಬರ ಮನಿ ಜಗಳಕ್ಕ ನನ್ನ ಕುರಿ ಯಾಕ ಬೇಕಾದ್ವು ಸಾಹೇಬ್ರ?" ಎಂದು ಕೇಳಿದಳು. ಉತ್ತರಕ್ಕೆ ನಿಲ್ಲದೆ ಹೋದಳು.

ಮರುದಿನದ ಪತ್ರಿಕೆಗಳಲ್ಲಿ 'ಕುರಿಗಳನ್ನು ಕೊಂದ ನಿದ್ದೆಕಾಳು' ಎಂದು ದಪ್ಪಕ್ಷರದಲ್ಲಿತ್ತು. ಕೆಳಗೆ ಕಸ್ತೂರಿಯ ಚಿತ್ರ. ಅದನ್ನು ಓದಿದಾಗ ಗುರುಪಾದನ ಎದೆ ಅರೆಗಳಿಗೆ ಹಗುರಾಯಿತು. ಅರವತ್ತಮೂರು ಹೆಣ ಕಣ್ಣಾರೆ ಕಂಡ ಮೇಲೂ ಹಗುರಾಯಿತು. ಆಗ ಅವನಿಗೆ ತನ್ನ ಬಗ್ಗೆ ಭಯವಾಯಿತು. ಕಸ್ತೂರಿ ಯಾರಿಗೂ ಏನೂ ಹೇಳಿರಲಿಲ್ಲ. ಅಡುಗೆಮನೆಯಲ್ಲಿ ಬೆನ್ನು ತಿರುಗಿಸಿ ನಿಂತು, ಬಂದ ಪ್ರತಿ ಫೋನಿಗೂ "ಕಾಳು ನಂದು, ಜವಾಬ್ದಾರಿ ನಂದು" ಎನ್ನುತ್ತಿದ್ದಳು. ಅವನು ಚೀಲದಿಂದ ಮಡಚಿದ ಹಾಳೆ ತೆಗೆದುಕೊಂಡು ನಡೆದೇ ಕೇಂದ್ರಕ್ಕೆ ಹೋದ.

ದೇಸಾಯರು ಎಲ್ಲರನ್ನೂ ದೊಡ್ಡ ಕೋಣೆಗೆ ಕರೆಸಿದರು. ಹಸಿರು ಪರದೆಯ ಮುಂದೆ ನಿಂತು ಗುರುಪಾದ ಅಂಕಿಗಳನ್ನು ಓದಿದ, ತಾರೀಖು ಓದಿದ, ಹೆಂಡತಿ ಎರಡು ಸಲ ಕೇಳಿದ್ದನ್ನೂ ತಾನು ಸುಳ್ಳು ಹೇಳಿದ್ದನ್ನೂ ಹೇಳಿದ.

"ಯಾಕ ಮುಚ್ಚಿಟ್ರಿ?" ಎಂದರು ದೇಸಾಯರು.

"ಹೊಟ್ಟೆಕಿಚ್ಚಿಗ್ರಿ ಸರ್."

ವಿಚಾರಣೆಯ ವರದಿಯಲ್ಲಿ ಬರೆಯಲು ಆ ಪದಕ್ಕೊಂದು ಖಾನೆ ಇರಲಿಲ್ಲ. 'ಕರ್ತವ್ಯಲೋಪ' ಎಂದು ಬರೆದರು. ಮುಖ್ಯಸ್ಥನ ಹುದ್ದೆ ಹೋಯಿತು. ಕಾವಲಿನಲ್ಲಿ ಡಬ್ಬಿ ನೋಡುವ ಕೆಲಸ ಉಳಿಯಿತು. ನಿದ್ದೆಕಾಳನ್ನು ಹೊಲಗಳಿಗೆ ಮಾತ್ರ ಬಿಟ್ಟು ಹುಲ್ಲುಗಾವಲಿಗೆ ನಿಷೇಧಿಸಿದರು. ಕಸ್ತೂರಿ ರಜೆ ಹಾಕಿ ಇಳಕಲ್ಲಿನ ಅಕ್ಕನ ಮನೆಗೆ ಹೋದಳು. ಹೋಗುವಾಗ ಯಾವಾಗ ಬರುತ್ತೇನೆಂದು ಹೇಳಲಿಲ್ಲ, ಅವನೂ ಕೇಳಲಿಲ್ಲ.

ಹಿಂಡಿಗೆ ಮೇವು ಬೇಕಿತ್ತು. ಗುರುಪಾದ ದಿನಾ ನಸುಕಿಗೆ ಎದ್ದು ಕಾವಲಿನ ಒಂದೊಂದು ಪಟ್ಟಿಯ ಎಲೆ ಕಿತ್ತು ಅಲ್ಲೇ ಪರೀಕ್ಷಿಸಿ, ಮೇಯಬಾರದ ಕಡೆ ಕೆಂಪು ಬಟ್ಟೆಯ ಗೂಟ ಹೊಡೆಯತೊಡಗಿದ. ಐದು ವಾರ ಲಗಮವ್ವನ ಹಿಂಡಿನ ಮುಂದೆ ಮುಂದೆ ನಡೆದ. ಅವಳು ಅವನೊಡನೆ ಒಂದು ಮಾತೂ ಆಡಲಿಲ್ಲ. ಆದರೆ ಗೂಟ ದಾಟಿ ಒಂದು ಕುರಿಯನ್ನೂ ಬಿಡಲಿಲ್ಲ. ಹುಲ್ಲು ಬಲಿತು ಎಲೆಯ ವಿಷ ಇಳಿಯಿತು. ಕೊನೆಯ ಗೂಟ ಕಿತ್ತ ದಿನ "ನಾಳಿಂದ ಬರೂದು ಬ್ಯಾಡ್ರಿ," ಎಂದಳು. ಐದು ವಾರದಲ್ಲಿ ಅವಳು ಆಡಿದ್ದು ಅಷ್ಟೇ.

ಶ್ರಾವಣ ಕಳೆದ ಮೇಲೆ ಕಸ್ತೂರಿ ಬಂದಳು. ಮನೆಗಲ್ಲ, ಕೇಂದ್ರದ ಅತಿಥಿಗೃಹಕ್ಕೆ. ಎರಡು ದಿನ ಬಿಟ್ಟು ಅವನ ಮೇಜಿನ ಮೇಲೆ ದಪ್ಪನೆಯ ಕಡತವೊಂದನ್ನು ತಂದಿಟ್ಟಳು. ಮೊದಲಿಗಿಂತ ಬಡವಾಗಿದ್ದಳು.

"ಕಾವಲಿಗೆ ಹೊಸ ಕಾಳು," ಎಂದಳು. "ಈ ಸಲ ಜೀವಿಗಳನ್ನ ಮಲಗಸೂದಿಲ್ಲ. ಅವು ಅರ್ಧಕ್ಕ ಕೆಲಸ ಬಿಟ್ಟು ನಗೆ ಅನಿಲ ಉಗುಳತಾವಲ್ಲ, ಪೂರ್ತಿ ಮಾಡಿಸಿ ಬರೇ ಸಾರಜನಕ ಬಿಡೂ ಹಂಗ ಮಾಡೂದು. ನೈಟ್ರೇಟು ಎಲಿಯಾಗ ಉಳಿಯೂದಿಲ್ಲ. ಓದ್ರಿ."

"ನಾನ?"

"ನನ್ನ ತಪ್ಪು ಹುಡುಕೂದ್ರಾಗ ನಿಮಗಿಂತ ಶಾಣ್ಯಾ ಯಾರದಾರ? ವರ್ಷಾನುಗಟ್ಟಲೆ ಅದನ್ನ ಮಾಡೀರಿ." ಅವಳು ನಗಲಿಲ್ಲ. "ಸಿಕ್ಕ ದಿನಾನ ಹೇಳ್ರಿ. ಅಷ್ಟು ಮಾಡ್ರಿ ಸಾಕು."

ಅವಳು ಹೋದ ಮೇಲೆ ಓದತೊಡಗಿದ. ಮೊದಲ ಪುಟ ಮುಗಿಯುವಷ್ಟರಲ್ಲೇ ಹಳೆಯ ಕಿಚ್ಚು ಎದ್ದಿತು. ಎಷ್ಟು ಸರಳ, ಎಷ್ಟು ಚಂದ! ತನಗೇಕೆ ಹೊಳೆಯಲಿಲ್ಲ? ಈ ಉರಿ ಸತ್ತಿದೆ ಎಂದುಕೊಂಡಿದ್ದ. ಅದು ಎಲ್ಲಿಗೂ ಹೋಗಿರಲಿಲ್ಲ. ಹದಿನಾಲ್ಕನೇ ಪುಟದಲ್ಲಿ ಅವನ ಬೆರಳು ನಿಂತಿತು. ಕೆಲಸ ಪೂರ್ತಿ ಮಾಡಲು ಆ ಜೀವಿಗಳಿಗೆ ತಾಮ್ರ ಬೇಕು, ಅದಕ್ಕೆ ಕಸ್ತೂರಿ ಕಾಳಿನಲ್ಲಿ ತಾಮ್ರ ಸೇರಿಸಿದ್ದಳು. ಭತ್ತದ ಗದ್ದೆಯಲ್ಲಿ ಅದು ನೀರಿನೊಡನೆ ಹರಡಿಹೋಗುತ್ತದೆ. ಒಣ ನೆಲದಲ್ಲಿ ಅಲ್ಲೇ ಕೂರುತ್ತದೆ, ಮೇಲೆ ಧೂಳಾಗಿ ಹುಲ್ಲಿಗೆ ಅಂಟುತ್ತದೆ. ಮತ್ತು ತಾಮ್ರವನ್ನು ಎಲ್ಲ ಸಾಕುಪ್ರಾಣಿಗಳಿಗಿಂತ ಕಡಿಮೆ ತಾಳುವುದು ಕುರಿಯ ಪಿತ್ತಜನಕಾಂಗ.

ತಪ್ಪು ಸಿಕ್ಕಿತ್ತು. ಸಂತೋಷವಾಯಿತು, ಆಗಲಿಲ್ಲವೆಂದು ತನಗೆ ತಾನೇ ಸುಳ್ಳು ಹೇಳಿಕೊಳ್ಳಲಿಲ್ಲ. ಆ ಸಂತೋಷ ತಣಿಯುವವರೆಗೂ ಕಾಯದೆ ಕಡತ ಎತ್ತಿಕೊಂಡು ಎದ್ದ. ಬಿಸಿಲಲ್ಲಿ ಅಂಗಳ ದಾಟಿ ಅತಿಥಿಗೃಹದ ಬಾಗಿಲು ತಟ್ಟಿದ.

"ಹದಿನಾಲ್ಕನೇ ಪುಟ," ಎಂದ, ಅವಳು ಬಾಗಿಲು ತೆಗೆದೊಡನೆ. "ತಾಮ್ರ. ಕುರಿ ತಡಕೊಳ್ಳೂದಿಲ್ಲ."

ಕಸ್ತೂರಿ ಕಡತ ಇಸಿದುಕೊಂಡು ನಿಂತಲ್ಲೇ ಓದಿದಳು. ಅವಳ ಮುಖ ಕಪ್ಪಿಟ್ಟಿತು. ಎರಡು ತಿಂಗಳ ದುಡಿಮೆ ಕುಸಿಯುವುದನ್ನು ಅವನು ನೋಡುತ್ತಿದ್ದ. ಎಂದೋ ಕಣ್ಣಾರೆ ನೋಡಬೇಕೆಂದು ಬಯಸಿದ್ದು ಅದನ್ನೇ. ನೋಡಲಾಗಲಿಲ್ಲ, ಹೊಸ್ತಿಲ ಕಡೆ ಕಣ್ಣು ಹಾಕಿದ.

ಒಳಗೆ ಕುರ್ಚಿ ಎಳೆದ ಸದ್ದು ಕೇಳಿಸಿತು. ಒಂದಲ್ಲ, ಎರಡು.

"ಬಾಗಿಲದಾಗ ಯಾಕ ನಿಂತೀರಿ?" ಎಂದಳು ಕಸ್ತೂರಿ. ಆಗಲೇ ಪೆನ್ನು ಬಿಚ್ಚಿದ್ದಳು. "ಕುಂದರ್ರಿ. ಎಷ್ಟು ಹೆಚ್ಚಾಗೇತಿ, ಹೇಳ್ರಿ."